ನಡಿಗೆಯಣ್ಣನ ಸೈಕಲ್ಲು

ಟೈಪಮ್ಮ ಅವನನ್ನು ಮೊದಲು ಕಂಡದ್ದು ಮೆಟ್ಟಿಲ ಮೇಲೆ. ಅವಳು ಹತ್ತುತ್ತಿದ್ದಳು, ಅವನು ಇಳಿಯುತ್ತಿದ್ದ. ಅವಳಿಗದು ಕೆಲಸದ ಮೊದಲ ದಿನ. ಹೊಸ ಚಪ್ಪಲಿ ಹಿಮ್ಮಡಿಯನ್ನು ಕಚ್ಚುತ್ತಿತ್ತು, ಕೈಯಲ್ಲಿದ್ದ ಕರವಸ್ತ್ರ ಬೆವರಿಗೆ ಮುದ್ದೆಯಾಗಿತ್ತು. ಆ ಕಟ್ಟಡದ ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಲೇಬೇಕು. ಅವಳು ಗೋಡೆಯ ಕಡೆ ಸರಿಯುವಷ್ಟರಲ್ಲಿ ಮೇಲಿನಿಂದ ದನಿ ಬಂತು.

"ಅಲ್ಲಿ ಒರಗಬೇಡಿ ತಾಯಿ, ಆ ಗೋಡೆ ಸುಣ್ಣ ಉದುರಿಸುತ್ತೆ. ಮೊದಲನೇ ದಿನವೇ ಬಟ್ಟೆ ಬೆಳ್ಳಗಾಗೋದು ಬೇಡ. ನಾನೇ ಮೇಲೆ ಹೋಗ್ತೀನಿ, ನೀವು ಬನ್ನಿ."

ಹಾಗೆಂದವನು ತಿರುಗಲಿಲ್ಲ. ತಿರುಗಲು ಜಾಗವೂ ಇರಲಿಲ್ಲ. ಹೆಗಲ ಮೇಲೊಂದು ಉದ್ದನೆಯ ತಗಡಿನ ಕೊಳವೆ ಇಟ್ಟುಕೊಂಡಿದ್ದ. ಮಲಗಿದ ಕೂಸನ್ನು ಎತ್ತಿಕೊಂಡವರ ಹಾಗೆ ಒಂದು ಕೈಯನ್ನು ಅದರ ತುದಿಗೆ ಆನಿಸಿ, ಇಳಿದ ಮೆಟ್ಟಿಲುಗಳನ್ನೆಲ್ಲ ಹಿಂದೆ ಹಿಂದೆಯೇ ಹತ್ತಿದ. ಬೂದು ಬಣ್ಣದ ಅಂಗಿ, ಮೊಣಕೈ ಹತ್ತಿರ ಒಂದು ಅಚ್ಚುಕಟ್ಟಾದ ತೇಪೆ. ಕಾಲಲ್ಲಿ ಟಯರಿನ ಅಟ್ಟೆ ಹೊಡೆಸಿದ ಚಪ್ಪಲಿ. ಮೇಲೆ ತಲುಪಿದ ಮೇಲೆ ಅವಳು ಸಂಕೋಚದಿಂದ, "ಭಾರ ಇದೆಯೇನೋ, ನನಗೋಸ್ಕರ ಮತ್ತೆ ಹತ್ತಿದಿರಿ" ಅಂದಳು.

"ಭಾರ ಏನಿಲ್ಲ. ಇದರೊಳಗೆ ಒಂದು ಮನೆ ಇದೆ, ಇನ್ನೂ ಕಟ್ಟಿಲ್ಲ" ಅಂದ ಅವನು. "ಕಟ್ಟೋವರೆಗೂ ಮಡಿಕೆ ಬೀಳಬಾರದು ನೋಡಿ."

ಅಷ್ಟು ಹೇಳಿ ಇಳಿದು ಹೋದ. ಕೆಳಗಿನಿಂದ ಇನ್ನೊಂದು ಮಾತು ಬಂತು. "ಎಡಗಡೆ ಕಂಬಿ ಹಿಡೀಬೇಡಿ, ಅಲ್ಲಾಡುತ್ತೆ."

ಅದು ಮನೆ, ಅಂಗಡಿ, ಗೋದಾಮು ಕಟ್ಟಿಸುವವರಿಗೆ ಪ್ಲಾನ್ ಬರೆದುಕೊಡುವ ಕಚೇರಿ. ಮುಂದಿನ ಕೋಣೆಯಲ್ಲಿ ದೊಡ್ಡ ಸಾಹೇಬರ ಮೇಜು. ನಡುವಿನ ಉದ್ದನೆಯ ಹಾಲ್‌ನಲ್ಲಿ ಓರೆ ಹಲಗೆಗಳ ಮುಂದೆ ನಿಂತು ಗೆರೆ ಎಳೆಯುವ ಡ್ರಾಫ್ಟ್ಸ್‌ಮನ್‌ಗಳು. ಹಿಂದೆ ಕಿಟಕಿಯಿಲ್ಲದ ಕೋಣೆಯಲ್ಲಿ, ಕಟ್ಟಿ ಮುಗಿದ ಮನೆಗಳ ಹಳೆಯ ಪ್ಲಾನುಗಳ ರಾಶಿ. ಟೈಪಿಂಗ್ ಕೆಲಸಕ್ಕೆ ಬಂದವಳಾದ್ದರಿಂದ ಮಧ್ಯಾಹ್ನದೊಳಗೆ ಅವಳು ಟೈಪಮ್ಮ ಆದಳು. ಹೆಸರಿಟ್ಟವರು ಹಿರಿಯ ಡ್ರಾಫ್ಟ್ಸ್‌ಮನ್. ಸದಾ ಕಾಲರಿನ ಹಿಂದೆ ಸ್ಕೇಲು ಸಿಕ್ಕಿಸಿಕೊಂಡು ಅದರಲ್ಲೇ ಬೆನ್ನು ಕೆರೆದುಕೊಳ್ಳುತ್ತಿದ್ದ ಅವರನ್ನು ಎಲ್ಲರೂ ಸ್ಕೇಲ್ ಮಾವ ಅನ್ನುತ್ತಿದ್ದರು.

"ಮೆಟ್ಟಿಲ ಮೇಲೆ ಸಿಕ್ಕೋನು ನಡಿಗೆಯಣ್ಣ" ಎಂದು ಸ್ಕೇಲ್ ಮಾವ ಪರಿಚಯ ಮಾಡಿಕೊಟ್ಟರು. "ಈ ಕಚೇರಿಯಲ್ಲಿ ಪ್ಲಾನು ಗಾಡಿ ಹತ್ತಲ್ಲಮ್ಮ. ನಡೆದೇ ಹೋಗುತ್ತೆ. ನಕಲು ತೆಗೆಯೋ ಅಂಗಡಿಗೆ, ಪರವಾನಗಿ ಕಚೇರಿಗೆ, ಕಟ್ಟಿಸೋರ ಮನೆಗೆ, ಎಲ್ಲಿಗಾದ್ರೂ ಅಷ್ಟೇ. ದೊಡ್ಡ ಸಾಹೇಬರು ಅವನಿಗೆ ಅಂತ ಹೊಚ್ಚ ಹೊಸ ಸೈಕಲ್ ಕೊಡಿಸಿದ್ರು. ಏನಂದ ಗೊತ್ತಾ? ಸೈಕಲ್ ಮೇಲೆ ಕುಲುಕಿದ್ರೆ ಸುರುಳಿ ಬಾಗುತ್ತೆ ಸಾಹೇಬ್ರೇ, ಕಾಲಲ್ಲಿ ಹೋದ್ರೆ ಗೆರೆ ಗೆರೆ ಹಾಗೇ ಇರುತ್ತೆ ಅಂದ. ಸಾಹೇಬರ ಕಣ್ಣಲ್ಲಿ ನೀರು ಬಂತು. ಅವತ್ತಿಂದ ಅದೇ ಇಲ್ಲಿನ ಕಾನೂನು."

"ಆ ಸೈಕಲ್ ಏನಾಯ್ತು?"

"ಅವತ್ತೇ ವಾಪಸ್ ಹೋಗಿರಬೇಕು. ಯಾರಿಗೆ ನೆನಪಿದೆ?"

ಕಾನೂನೆಂದರೆ ಕಾನೂನೇ. ಸ್ಕೇಲ್ ಮಾವ ಒಮ್ಮೆ ಅವಸರಕ್ಕೆ ಬಿದ್ದು ಒಂದು ಪ್ಲಾನನ್ನು ಸ್ಕೂಟರಿನಲ್ಲಿ ಒಯ್ದು ದೊಡ್ಡ ಸಾಹೇಬರಿಂದ ಎಲ್ಲರೆದುರು ಬೈಸಿಕೊಂಡಿದ್ದರು. ಹೊಸದಾಗಿ ಮನೆ ಕಟ್ಟಿಸುವವರು ಬಂದರೆ ಸಾಹೇಬರು ಮೊದಲು ಹೇಳುತ್ತಿದ್ದದ್ದು ಇದನ್ನೇ. "ನಿಮ್ಮ ಮನೆ ನಿಮ್ಮ ಬಾಗಿಲಿಗೆ ನಡೆದುಕೊಂಡು ಬರುತ್ತೆ." ನಡಿಗೆಯಣ್ಣ ಜ್ವರದಿಂದ ಮಲಗಿದ್ದ ಒಂದು ವಾರ ಆ ಕೊಳವೆ ಟೈಪಮ್ಮನ ಹೆಗಲೇರಿತ್ತು. ನೆತ್ತಿ ಸುಡುವ ಬಿಸಿಲಿನಲ್ಲಿ ಪಕ್ಕದಲ್ಲೇ ಖಾಲಿ ಬಸ್ಸುಗಳು ಹೋಗುತ್ತಿದ್ದರೂ ಅವಳು ಹಲ್ಲುಕಚ್ಚಿಕೊಂಡು ನಡೆದಿದ್ದಳು. ಮನಸ್ಸಿನಲ್ಲಿ ಬೈದುಕೊಂಡದ್ದು ನಿಜ. ಆದರೆ ಆಮೇಲೆ ಕೆಲಸಕ್ಕೆ ಸೇರಿದವರಿಗೆಲ್ಲ ಅದೇ ಕತೆಯನ್ನು ಅವಳೇ ಹೇಳತೊಡಗಿದಳು, ಸ್ವಲ್ಪ ಉಪ್ಪುಖಾರ ಸೇರಿಸಿ.

ನಡಿಗೆಯಣ್ಣನ ಮನೆಗೂ ಅವಳು ಹೋಗಿದ್ದಳು. ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆ. ಗಿರಣಿ ಓಡುವಾಗ ಗೂಡಿನಲ್ಲಿಟ್ಟ ಲೋಟಗಳು ತಮ್ಮಷ್ಟಕ್ಕೆ ಕಿಣಿಕಿಣಿ ಅನ್ನುತ್ತಿದ್ದವು. ಹೆಂಡತಿ ಬಟ್ಟೆ ಕಾರ್ಖಾನೆಯಿಂದ ಅಂಗಿಗಳನ್ನು ತಂದು ಮನೆಯಲ್ಲೇ ಗುಂಡಿ ಹಚ್ಚಿ ಕೊಡುತ್ತಿದ್ದಳು. ಅಂಗಿಯ ತೇಪೆಯ ಅಚ್ಚುಕಟ್ಟು ಎಲ್ಲಿಂದ ಬಂತೆಂದು ಟೈಪಮ್ಮನಿಗೆ ಆಗ ತಿಳಿಯಿತು. ಒಬ್ಬಳೇ ಮಗಳು, ನರ್ಸಿಂಗ್ ಓದುತ್ತಿದ್ದಳು. ಅವಳು ಯಾರದೋ ಹಳೇ ಸೈಕಲ್ಲಿನಲ್ಲಿ ಕಾಲೇಜಿಗೆ ಹೋಗಿ ಬರುತ್ತಿದ್ದಳು. "ಸೈಕಲ್ ಕಲಿಸಿದ್ದು ಅಪ್ಪನೇ" ಎಂದು ಮಗಳು ಹೇಳಿದ್ದಳು. "ಸೀಟು ಹಿಡ್ಕೊಂಡು ಬೀದಿ ತುಂಬ ಹಿಂದೆ ಹಿಂದೆ ಓಡ್ತಿದ್ರು. ಚಕ್ರ ನೋಡಬೇಡ, ಮುಂದೆ ನೋಡು ಅಂತ ಒಂದೇ ಮಂತ್ರ." ಹೆಂಡತಿ ಸೂಜಿಗೆ ದಾರ ಪೋಣಿಸುತ್ತಾ ತಲೆಯೆತ್ತಲಿಲ್ಲ.

ದೊಡ್ಡ ಸಾಹೇಬರು ತೀರಿಕೊಂಡ ಮೇಲೆ ಅವರ ಮಗ, ಚಿಕ್ಕ ಸಾಹೇಬರು, ಮೇಜಿಗೆ ಬಂದರು. ಕೆಟ್ಟವರಲ್ಲ. ಆದರೆ ಅವರಿಗೆ ಎಲ್ಲವೂ ಬೇಗ ಆಗಬೇಕು. ಓರೆ ಹಲಗೆಗಳು ಹೋಗಿ ಕಂಪ್ಯೂಟರ್ ಬಂದವು. ಪ್ಲಾನುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹೋಗತೊಡಗಿದವು. ಸ್ಕೇಲ್ ಮಾವ ನಿವೃತ್ತರಾದರು, ಸ್ಕೇಲನ್ನು ಮಾತ್ರ ಬಿಡದೆ ಮನೆಗೆ ಒಯ್ದರು. ಸಹಿ ಆಗಬೇಕಾದ ಕಾಗದ, ಮೊಹರು ಬೀಳಬೇಕಾದ ಪ್ರತಿ ಅಂತ ನಡಿಗೆಯಣ್ಣನಿಗೆ ಅಷ್ಟಿಷ್ಟು ಕೆಲಸ ಉಳಿದಿತ್ತು. ಅಷ್ಟರಲ್ಲಿ ಕಟ್ಟಡದ ಮಾಲೀಕ ಜಾಗ ಬಿಡಿ ಅಂದ. ಚಿಕ್ಕ ಸಾಹೇಬರು ಊರಾಚೆಯ ಹೊಸ ರಸ್ತೆಯಲ್ಲಿ ಗಾಜಿನ ಕಚೇರಿ ಹಿಡಿದರು.

"ಹಳೇ ಸಾಮಾನು ಒಂದೂ ಅಲ್ಲಿಗೆ ಬರಬಾರದು" ಎಂದು ಟೈಪಮ್ಮನಿಗೆ ಹೇಳಿದರು. "ಉಪಯೋಗಿಸದೆ ಇರೋದು ಸಿಕ್ಕರೆ ತಂದ ಅಂಗಡಿಗೇ ವಾಪಸ್ ಮಾಡಿ. ಆಗದಿದ್ದರೆ ಯಾರಿಗಾದ್ರೂ ಕೊಡಿ. ಇನ್ನೊಂದು ಮಾತು. ಅಲ್ಲಿಂದ ಊರೊಳಗೆ ಬರೋಕೆ ದೂರ. ಹೊರಗಿನ ಕೆಲಸಕ್ಕೆ ಗಾಡಿ ಇರೋರೇ ಬೇಕು. ಸೈಕಲ್ ಆದ್ರೂ ಸಾಕು, ಆದರೆ ನಡೆಯೋದು ಆಗದ ಮಾತು. ನಡಿಗೆಯಣ್ಣನಿಗೆ ನೀವೇ ಹೇಳಿ. ನನ್ನ ಬಾಯಿಂದ ಬರಲ್ಲ. ನಾನು ಚಿಕ್ಕವನಿದ್ದಾಗ ಹೆಗಲ ಮೇಲೆ ಹೊತ್ತು ತಿರುಗಿಸಿದೋರು."

ಟೈಪಮ್ಮನ ಬಾಯಿಂದಲೂ ಬರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ದಿನ ದೂಡಿದಳು. ಇಬ್ಬರೂ ಸೇರಿ ಹಿಂದಿನ ಕೋಣೆ ಖಾಲಿ ಮಾಡುತ್ತಿದ್ದರು. ಆ ಶುಕ್ರವಾರ ಕಬ್ಬಿಣದ ದೊಡ್ಡ ಬೀರುವನ್ನು ಸರಿಸುವಾಗ ನಡಿಗೆಯಣ್ಣ, "ಇದನ್ನ ಕೊನೇಲಿ ನೋಡೋಣ" ಅಂದ. ಅವಳು ಕೇಳಲಿಲ್ಲ, ಕೂಲಿಯವರನ್ನು ಕರೆದು ಬೀರು ಎಳೆಸಿದಳು. ಅದರ ಹಿಂದೆ ಗೋಡೆಗೆ ಒರಗಿ ನಿಂತಿತ್ತು ಸೈಕಲ್ಲು.

ಬಾರ್‌ಗೆ ಸುತ್ತಿದ ಕಂದು ಕಾಗದ ಹಾಗೇ ಇತ್ತು. ಸೀಟಿನ ಪ್ಲಾಸ್ಟಿಕ್ಕು ಹಳದಿಗಟ್ಟಿ ಹಪ್ಪಳದಂತೆ ಮುರಿಯುತ್ತಿತ್ತು. ಟಯರುಗಳು ಗಾಳಿ ಬಿಟ್ಟು ನೆಲಕ್ಕೆ ಅಂಟಿದ್ದವು. ಹ್ಯಾಂಡಲಿಗೆ ಜೋತುಬಿದ್ದ ರಟ್ಟಿನ ತುಂಡಿನ ಮೇಲೆ ಅಂಗಡಿಯ ಹೆಸರಿತ್ತು. ಟೈಪಮ್ಮ ಬೆಲ್ಲು ಒತ್ತಿದಳು. ಟ್ರಿಣ್ ಅಂತು.

ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಅಲ್ಲಿಂದಲೇ ಚಿಕ್ಕ ಸಾಹೇಬರಿಗೆ ಫೋನ್ ಮಾಡಿದಳು. "ಸರ್, ದೊಡ್ಡ ಸಾಹೇಬರು ಕೊಡಿಸಿದ್ದ ಸೈಕಲ್ ಸಿಕ್ಕಿದೆ, ನಡಿಗೆಯಣ್ಣನದು." ಆ ಕಡೆಯಿಂದಲೂ ನಗು ಕೇಳಿಸಿತು. "ಅಪ್ಪ ಎಲ್ಲಾ ಮೊದಲೇ ಯೋಚನೆ ಮಾಡಿದ್ರಲ್ಲ. ಸೋಮವಾರ ಅದರಲ್ಲೇ ಹೊಸ ಕಚೇರಿಗೆ ಬರಲಿ. ಹೊರಗಿನ ಕೆಲಸ ಪೂರ್ತಿ ಅವರದೇ."

ಅವಳು ಫೋನ್ ಇಟ್ಟು ತಿರುಗಿ, ಅಷ್ಟು ದಿನ ಗಂಟಲಲ್ಲಿ ಸಿಕ್ಕಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದಳು. ಗಾಡಿ ಇಲ್ಲದಿದ್ದರೆ ಕೆಲಸ ಇಲ್ಲ ಅಂದಿದ್ದರು, ಈಗ ಗಾಡಿ ಇದೆ, ಎಲ್ಲ ಸರಿಹೋಯಿತು.

ನಡಿಗೆಯಣ್ಣನ ಮುಖ ಅರಳಲಿಲ್ಲ. ಸೈಕಲ್ಲಿನ ಕಡೆ ನೋಡದೆ, "ಅದನ್ನ ಅಂಗಡಿಗೆ ವಾಪಸ್ ಕೊಟ್ಟುಬಿಡೋಣ ಟೈಪಮ್ಮ" ಅಂದ.

"ಏನಂತೀರಾ ಅಣ್ಣ? ಇದಿದ್ರೆ ಕೆಲಸ ಉಳಿಯುತ್ತೆ ಅಂತ ಈಗ ತಾನೇ ಹೇಳಿದೆ."

"ಉಪಯೋಗಿಸದೆ ಇರೋದನ್ನ ವಾಪಸ್ ಮಾಡಿ ಅಂತ ಸಾಹೇಬರೇ ಹೇಳಿದಾರಲ್ಲ."

"ಉಪಯೋಗಿಸಿ ಅಂತಾನೂ ಅವರೇ ಈಗ ಹೇಳ್ತಿದಾರೆ. ನಿಮ್ಮ ಹಠ ಕಟ್ಟಿಡಿ. ಈಗ ಕೊಳವೇನೂ ಇಲ್ಲ, ಸುರುಳೀನೂ ಇಲ್ಲ. ನಾಲ್ಕು ಕಾಗದ ಮಡಚಿ ಜೇಬಲ್ಲಿ ಇಟ್ಕೊಂಡು ಹೋಗೋದು."

ಶನಿವಾರ ಬೆಳಿಗ್ಗೆ ಇಬ್ಬರೂ ಸೈಕಲ್ಲನ್ನು ಆ ಇಕ್ಕಟ್ಟು ಮೆಟ್ಟಿಲಿನಲ್ಲಿ ಇಳಿಸಿ ಅಂಗಡಿಗೆ ಹೊರಟರು. ಅವಳಿಗೆ ಟಯರು ಹಾಕಿಸುವುದಿತ್ತು, ಅವನಿಗೆ ವಾಪಸ್ ಕೊಡುವುದಿತ್ತು. ಅವನು ಹ್ಯಾಂಡಲ್ ಹಿಡಿದು ತಳ್ಳುತ್ತಿದ್ದ, ಅವಳು ಪಕ್ಕದಲ್ಲಿ ಗೊಣಗುತ್ತಿದ್ದಳು. ದಾರಿಯುದ್ದಕ್ಕೂ ಗುರುತಿನವರೇ. ನಕಲು ತೆಗೆಯುವ ಅಂಗಡಿಯವನು ಒಳಗಿನಿಂದಲೇ, "ಏನಣ್ಣೋ, ಕೊನೆಗೂ ಗಾಡಿ ಮಾಡಿದ್ರಾ? ಕಾಲು ಸವೆದುಹೋಯ್ತಾ?" ಅಂದ. ಹೂವಿನ ಕುಂಡ ಮಾರುವವಳು, "ಸೈಕಲ್ಲು ಇವರನ್ನ ಕರ್ಕೊಂಡು ಹೋಗ್ತಿಲ್ಲ, ಇವರೇ ಸೈಕಲ್‌ನ ಕರ್ಕೊಂಡು ಹೋಗ್ತಿದಾರೆ ನೋಡಿ" ಎಂದು ನಕ್ಕಳು. ನಡಿಗೆಯಣ್ಣನೂ ನಕ್ಕ. ಅವನ ಕತ್ತಿನ ಹಿಂಭಾಗ ಬೆವರಿನಿಂದ ತೊಯ್ದದ್ದನ್ನು ಟೈಪಮ್ಮ ನೋಡಿದಳು. ಬಿಸಿಲು ಇನ್ನೂ ಏರಿರಲಿಲ್ಲ.

ಸೈಕಲ್ ಅಂಗಡಿಯಲ್ಲಿ ಒಬ್ಬರು ಮುದುಕರು ಸ್ಟೂಲಿನ ಮೇಲೆ ಕೂತು ಸ್ಪೋಕು ಬಿಗಿಯುತ್ತಿದ್ದರು. ಕನ್ನಡಕ ಹಣೆಗೇರಿಸಿ ಸೈಕಲ್ಲನ್ನು ಸುತ್ತು ಹಾಕಿ ನೋಡಿದರು.

"ಹೊಸದನ್ನ ಓಡಿಸಿ ಓಡಿಸಿ ಹಳೇದು ಮಾಡಿ ತಂದೋರನ್ನ ಕಂಡಿದ್ದೀನಿ. ನಿಲ್ಲಿಸಿ ನಿಲ್ಲಿಸಿ ಹಳೇದು ಮಾಡಿದೋರನ್ನ ಇವತ್ತೇ ಕಂಡಿದ್ದು" ಅಂದರು. ಆಮೇಲೆ ನಡಿಗೆಯಣ್ಣನನ್ನೇ ದಿಟ್ಟಿಸಿ, "ಓ, ಇದು ನಿಮ್ಮದಲ್ವಾ. ಜೊತೆಗೆ ಒಬ್ಬರು ಎತ್ತರದ ಸಾಹೇಬರು ಬಂದಿದ್ರು. ಇವನ ಕಾಲಿನ ಅಳತೆಗೆ ಸೀಟು ಇಳಿಸಿ, ಇವನು ದಿನವಿಡೀ ಇದರ ಮೇಲೇ ಇರ್ತಾನೆ ಅಂತ ಎರಡೆರಡು ಸಲ ಹೇಳಿದ್ರು" ಅಂದರು.

ನಡಿಗೆಯಣ್ಣ ವಾಪಸಿನ ಮಾತು ಎತ್ತುವ ಮೊದಲೇ ಟೈಪಮ್ಮ ಅವಸರದಲ್ಲಿ, "ಹೊಸ ಟಯರು, ಟ್ಯೂಬು ಹಾಕಿ ತಾತ. ಸೋಮವಾರದಿಂದ ಓಡಬೇಕು" ಅಂದಳು. ಮುದುಕರು ಟಯರು ಬದಲಾಯಿಸಿ, ಚೈನಿಗೆ ಎಣ್ಣೆ ಬಿಟ್ಟು, ಕಂದು ಕಾಗದ ಹರಿದು ತೆಗೆದರು. ಕೆಳಗಿನ ಬಣ್ಣ ಅಂಗಡಿಯಲ್ಲಿದ್ದ ಹೊಸ ಸೈಕಲ್ಲುಗಳಿಗಿಂತ ಹೊಳೆಯುತ್ತಿತ್ತು.

"ಒಂದು ಸುತ್ತು ಹೊಡೆದು ಬನ್ನಿ. ಬ್ರೇಕು ನೋಡಿಬಿಡೋಣ."

ನಡಿಗೆಯಣ್ಣ ಸೈಕಲ್ಲು ತಳ್ಳಿಕೊಂಡು ಹೊರಟ. ಜನ ಇದ್ದಾರೆ, ಮುಂದೆ ಹೋಗಿ ಹತ್ತುತ್ತೀನಿ ಅನ್ನುವ ಹಾಗೆ ಕೈಯಾಡಿಸಿ, ಅಂಗಡಿಯ ಸಾಲು ಮುಗಿಯುವ ಮೂಲೆಯಲ್ಲಿ ತಿರುಗಿ ಮರೆಯಾದ. ಟೈಪಮ್ಮನಿಗೆ ಅಂಗಡಿಯಲ್ಲಿ ಸುಮ್ಮನೆ ಕೂರಲು ಆಗಲಿಲ್ಲ. ಅವನು ಸೈಕಲ್ ಮೇಲೆ ಕೂತಿರುವುದನ್ನು ಕಣ್ಣಾರೆ ನೋಡೋಣ ಅಂತ ಮೂಲೆಯವರೆಗೆ ನಡೆದಳು.

ಮೂಲೆಯಾಚೆ, ಒಂದು ಮುಚ್ಚಿದ ಗೋದಾಮಿನ ಬಾಗಿಲ ನೆರಳಿನಲ್ಲಿ, ನಡಿಗೆಯಣ್ಣ ಸೈಕಲ್ಲಿನ ಪಕ್ಕ ನಿಂತಿದ್ದ. ಏನೂ ಮಾಡುತ್ತಿರಲಿಲ್ಲ. ಬರೀ ನಿಂತಿದ್ದ.

"ಏನಣ್ಣ, ಇಲ್ಲಿ ನಿಂತುಬಿಟ್ರಿ?"

ಅವನು ಬೆಚ್ಚಿದ. "ಸ್ವಲ್ಪ ಹೊತ್ತಾಗಲಿ ಅಂತ."

"ಯಾತಕ್ಕೆ ಹೊತ್ತಾಗಬೇಕು?"

"ಒಂದು ಸುತ್ತು ಹೊಡೆದು ಬರೋಕೆ ಎಷ್ಟು ಹೊತ್ತು ಬೇಕೋ ಅಷ್ಟು."

ಟೈಪಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನಗು ಬಂತು. ಆಮೇಲೆ ಅವನ ಮುಖ ನೋಡಿ ನಗು ಅಲ್ಲೇ ನಿಂತಿತು.

"ನನಗೆ ಸೈಕಲ್ ಬರಲ್ಲ ಟೈಪಮ್ಮ. ಯಾವತ್ತೂ ಬರ್ತಿರಲಿಲ್ಲ."

"ಮಗಳಿಗೆ ಕಲಿಸಿದ್ದು ನೀವೇ ಅಲ್ವಾ?"

"ಹಿಡ್ಕೊಂಡು ಓಡೋಕೆ ಓಡೋದು ಬಂದ್ರೆ ಸಾಕು." ಅವನು ಹ್ಯಾಂಡಲಿನ ಮೇಲಿದ್ದ ಧೂಳನ್ನು ಬೆರಳಿನಿಂದ ಒರೆಸಿದ. "ನಮ್ಮನೇಲಿ ಸೈಕಲ್ ಇರಲಿಲ್ಲ. ಇದ್ದೋರು ಮುಟ್ಟೋಕೆ ಬಿಡ್ತಿರಲಿಲ್ಲ. ಮೀಸೆ ಬಂದ ಮೇಲೆ ಯಾರ ಹತ್ರ ಹೋಗಿ ಕಲಿಸಿ ಅಂತ ಕೇಳಲಿ? ದೊಡ್ಡ ಸಾಹೇಬರು ನನ್ನನ್ನ ಒಂದು ಮಾತೂ ಕೇಳದೆ ಅಂಗಡಿಗೆ ಕರ್ಕೊಂಡು ಹೋಗಿ ಕೊಡಿಸಿ, ಕಚೇರಿ ಮುಂದೆ ತಂದು ನಿಲ್ಲಿಸಿದ್ರು. ಎಲ್ಲರೂ ಕೆಳಗೆ ಬಂದು ಚಪ್ಪಾಳೆ ಹೊಡೆದ್ರು. ಒಂದು ಸುತ್ತು ಹೊಡೆದು ತೋರಿಸು ಅಂದ್ರು. ಅಷ್ಟು ಖುಷಿಯಾಗಿರೋರ ಮುಂದೆ ಬರಲ್ಲ ಅಂತ ಹೇಗೆ ಹೇಳೋದು? ಹೀಗೇ ತಳ್ಕೊಂಡು ಮೂಲೆ ತಿರುಗಿದೆ. ಹೀಗೇ ನಿಂತೆ. ವಾಪಸ್ ಹೋಗಿ ಚೆನ್ನಾಗಿದೆ ಸಾಹೇಬ್ರೇ ಅಂದೆ. ಕೆಳಗಿದ್ರೆ ಕಳ್ಳರು ಒಯ್ತಾರೆ ಅಂತ ನಾನೇ ಹೊತ್ತು ಮೇಲೆ ತಂದು ಬೀರು ಹಿಂದೆ ಇಟ್ಟೆ. ಬೆಳಗಾಗೋದ್ರೊಳಗೆ ಏನಾದ್ರೂ ಹೇಳಬೇಕಿತ್ತಲ್ಲ. ಸುರುಳಿ ಬಾಗುತ್ತೆ ಅನ್ನೋ ಮಾತು ಹೊಳೀತು. ಅವರ ಕಣ್ಣು ಒದ್ದೆಯಾಗುತ್ತೆ ಅಂತ ನನಗೇನು ಗೊತ್ತು? ಆಮೇಲೆ ಅದು ಕಾನೂನೇ ಆಗೋಯ್ತು."

"ಆ ಕಾನೂನಿಗೆ ನಾನೂ ಬಿಸಿಲಲ್ಲಿ ಬೆಂದಿದ್ದೀನಿ" ಅಂದಳು ಟೈಪಮ್ಮ.

"ಗೊತ್ತು ತಾಯಿ. ಆ ವಾರ ಜ್ವರಕ್ಕಿಂತ ಅದೇ ಜಾಸ್ತಿ ಸುಟ್ಟಿದ್ದು."

ಬೈಯಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಹೊತ್ತು ಸಾಕಾಯಿತೆಂದು ತೋರಿದಾಗ, ಇಬ್ಬರೂ ಅಂಗಡಿಗೆ ಮರಳಿದರು. "ಹೇಗಿದೆ?" ಎಂದು ಮುದುಕರು ಕೇಳಿದರು. ಈ ಸಲ ಉತ್ತರ ಕೊಟ್ಟವಳು ಟೈಪಮ್ಮ. "ಚೆನ್ನಾಗಿದೆ ತಾತ."

ಭಾನುವಾರ ಅವಳು ಅವನನ್ನು ಬಿಡಲಿಲ್ಲ. ಮಕ್ಕಳು ಕಲಿಯುವುದು ದೊಡ್ಡವರಿಗೆ ಬಾರದೇ ಎಂದು ಅವಳ ವಾದ. ಬಯಲಿನಲ್ಲಿ ಬೇಡ, ಜನ ನೋಡುತ್ತಾರೆ ಎಂದು ಅವನ ಹಠ. ಕೊನೆಗೆ ಅದೇ ಸೈಕಲ್ಲನ್ನು ಅದೇ ಮೆಟ್ಟಿಲಿನಲ್ಲಿ ಮತ್ತೆ ಮೇಲೆ ಹತ್ತಿಸಿದರು. ಖಾಲಿ ಮಾಡಿದ ಹಾಲ್ ಈಗ ಬರಿದಾಗಿ ಬೀದಿಯಷ್ಟು ಉದ್ದ ಕಾಣುತ್ತಿತ್ತು. ಓರೆ ಹಲಗೆಗಳ ಕಾಲುಗಳು ನಿಂತಿದ್ದ ಕಡೆ ನೆಲದ ಬಣ್ಣ ಬೇರೆಯಾಗಿತ್ತು. ಮಾತಾಡಿದರೆ ಗೋಡೆಗಳು ಮರುಮಾತು ಆಡುತ್ತಿದ್ದವು.

ಟೈಪಮ್ಮ ಸೀಟು ಹಿಡಿದು ನಿಂತಳು. ನಡಿಗೆಯಣ್ಣ ಹತ್ತಿದ. ಸೀಟು ಅವನ ಕಾಲಿಗೆ ಹೇಳಿ ಮಾಡಿಸಿದಂತಿತ್ತು. ಹೇಳಿಯೇ ಮಾಡಿಸಿದ್ದಲ್ಲವೇ. ಬಲಗೈ ಹ್ಯಾಂಡಲ್ ಮೇಲೆ, ಎಡಗೈ ಗೋಡೆಯ ಮೇಲೆ. ಅವಳು, "ಚಕ್ರ ನೋಡಬೇಡಿ, ಮುಂದೆ ನೋಡಿ" ಅಂದಳು. "ನನ್ನ ಮಾತು ನನಗೇ ಹೇಳ್ತೀರಲ್ಲ" ಎಂದು ಅವನು ನಕ್ಕ. ಗೋಡೆ ಸವರುತ್ತಾ ಹಾಲ್‌ನ ಈ ತುದಿಯಿಂದ ಆ ತುದಿಗೆ ಹೋದ. ಟೈಪಮ್ಮ ಕೈಬಿಟ್ಟದ್ದು ಅವನಿಗೆ ತಿಳಿಯಲಿಲ್ಲ. ಹೋಗುತ್ತಲೇ ಇದ್ದ. ಇನ್ನೇನು ಸೈಕಲ್ಲು ಬಂದೇಬಿಟ್ಟಿತು ಅಂದುಕೊಂಡಳು ಅವಳು. ಹಿಂದಿನ ಕೋಣೆಯ ಬಾಗಿಲಿನ ಹತ್ತಿರ ಗೋಡೆ ಮುಗಿಯಿತು. ಕೈಗೆ ಏನೂ ಸಿಗಲಿಲ್ಲ. ಸೈಕಲ್ಲು ಅವನ ಮೇಲೆ, ಅವನು ನೆಲದ ಮೇಲೆ.

ಮತ್ತೆ ಹತ್ತಿದ. ಮತ್ತೆ ಗೋಡೆ ಇರುವವರೆಗೆ ಹೋದ, ಬಾಗಿಲ ಹತ್ತಿರ ಬಿದ್ದ. ಗೋಡೆ ಬಿಟ್ಟು ನಡುವೆ ಹೋಗಿ ಅಂದರೆ ಪೆಡಲಿನ ಮೇಲಿದ್ದ ಎರಡೂ ಕಾಲು ತಾವೇ ನೆಲಕ್ಕೆ ಬಂದು ಊರಿಕೊಳ್ಳುತ್ತಿದ್ದವು. ಟೈಪಮ್ಮ ಮುದ್ದು ಮಾಡಿ ಹೇಳಿದಳು, ಗದರಿಸಿ ಹೇಳಿದಳು. ಅವನೂ ಮನಸ್ಸಿಟ್ಟೇ ಮಾಡುತ್ತಿದ್ದ. ಅದನ್ನು ನೋಡುವುದೇ ಹೆಚ್ಚು ಕಷ್ಟವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ತರಚಿ, ಎಡಗೈ ಮಣಿಕಟ್ಟು ಊದಿಕೊಂಡಿತು. ಅವನು ಗೋಡೆಗೊರಗಿ ನೆಲದ ಮೇಲೆ ಕೂತ.

"ಸಾಕು ತಾಯಿ. ಇಷ್ಟು ವರ್ಷ ಈ ಕಾಲಿಗೆ ನಾನು ಒಂದೇ ಕೆಲಸ ಹೇಳಿದ್ದು. ಈಗ ಬೇರೆ ಹೇಳಿದ್ರೆ ಕೇಳ್ತಿಲ್ಲ."

"ನಾಳೆ ನಾನೇ ಚಿಕ್ಕ ಸಾಹೇಬರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡ್ತೀನಿ. ಬರಲ್ಲ ಅಂದ್ರೆ ಬರಲ್ಲ. ಏನು ಕೊಲೆ ಮಾಡಿದ್ದೀರಾ? ಒಳಗೆ ಕೂತು ಮಾಡೋ ಕೆಲಸ ಏನಾದ್ರೂ ಕೊಡ್ತಾರೆ."

"ಹೇಳಬೇಡಿ." ಅವನ ದನಿ ಏರಲಿಲ್ಲ. ಆದರೆ ಅವಳು ಅದುವರೆಗೆ ಆ ದನಿ ಕೇಳಿರಲಿಲ್ಲ. "ದೊಡ್ಡ ಸಾಹೇಬರು ಸಾಯೋವರೆಗೂ ನನ್ನನ್ನ ಒಂದು ಕತೆ ಮಾಡಿ ಹೇಳ್ಕೊಂಡು ಬಂದ್ರು. ಆ ಕತೆ ಕೇಳಿ ಅವರ ಮಗ ಬೆಳೆದ. ನನ್ನ ಮಗಳೂ ಬೆಳೆದಳು. ಮನೆಯವಳಿಗೆ ಒಬ್ಬಳಿಗೇ ಗೊತ್ತು, ಅವಳು ಬಾಯಿ ಬಿಟ್ಟಿಲ್ಲ. ಕೆಲಸ ಹೋದ್ರೆ ಇನ್ನೊಂದು ಹುಡುಕ್ತೀನಿ. ಇಷ್ಟು ವರ್ಷ ನಡೆದದ್ದೆಲ್ಲ ಸುಳ್ಳು ಅಂತಾದ್ರೆ ಅದನ್ನ ಎಲ್ಲಿ ಹುಡುಕಲಿ?"

"ನಡೆದದ್ದು ಸುಳ್ಳಲ್ವಲ್ಲ ಅಣ್ಣ."

"ಅದು ನಿಮಗೆ ಗೊತ್ತು."

ಟೈಪಮ್ಮ ಅವನ ಪಕ್ಕದಲ್ಲೇ ಕೈಚೆಲ್ಲಿ ಕೂತಳು. ಹೇಳಿದರೆ ಅವನ ಕೆಲಸ ಉಳಿಯಬಹುದು, ಅವನು ಉಳಿಯುವುದಿಲ್ಲ. ಹೇಳದಿದ್ದರೆ ಕೆಲಸ ಹೋಗುವುದು ಖಂಡಿತ, ಮಗಳ ಓದಿಗೆ ಇನ್ನೊಂದು ವರ್ಷ ಬಾಕಿ ಇದೆ. ಯಾವ ಕಡೆಯಿಂದ ಹಿಡಿದರೂ ಜಾರುವ ವಸ್ತುವನ್ನು ಯಾರೋ ಕೈಗಿಟ್ಟು ಹೋದಂತಿತ್ತು. ಅವಳು ಏನೂ ಮಾಡಲಾರದೆ ತನ್ನ ಕರವಸ್ತ್ರವನ್ನು ನೀರಲ್ಲಿ ಅದ್ದಿ ಅವನ ಮಣಿಕಟ್ಟಿಗೆ ಸುತ್ತಿದಳು.

ಸೋಮವಾರ ಬೆಳಿಗ್ಗೆ ಫೋನಿನಲ್ಲಿ ಹೇಳಿದಳು. "ಸರ್, ಅವರು ಸೈಕಲ್ ಬೇಡ ಅಂತಾರೆ. ನಡೆದೇ ಮಾಡೋದಾದ್ರೆ ಮಾಡ್ತಾರಂತೆ."

"ಅಪ್ಪ ಹೇಳ್ತಿದ್ದದ್ದು ಸುಳ್ಳಲ್ಲ. ಅಂಥ ಮನುಷ್ಯ ಇನ್ನೊಬ್ಬ ಸಿಗಲ್ಲ" ಅಂದರು ಚಿಕ್ಕ ಸಾಹೇಬರು. ಅವರ ದನಿಯಲ್ಲಿ ನಿಜವಾದ ಗೌರವವಿತ್ತು. "ಆದರೆ ನಾನೇನು ಮಾಡಲಿ ಹೇಳಿ? ಜಾಗ ಅಷ್ಟು ದೂರ. ಈ ತಿಂಗಳಿಗೆ ಅವರ ಕೆಲಸ ಮುಗೀತು ಅಂತ ನೀವೇ ತಿಳಿಸಿ. ಸೈಕಲ್ ಅಂಗಡಿಗೆ ವಾಪಸ್ ಕೊಡಿ. ಬದಲಿಗೆ ನನ್ನ ಮಗಳಿಗೆ ಒಂದು ಚಿಕ್ಕ ಸೈಕಲ್ ಕೊಡ್ತಾರಾ ಕೇಳಿ."

ಅಂಗಡಿಯ ಮುದುಕರು ಒಪ್ಪಿದರು. ಒಪ್ಪುವ ಮೊದಲು ಇಬ್ಬರ ಮುಖವನ್ನೂ, ಮಣಿಕಟ್ಟಿನ ಕರವಸ್ತ್ರವನ್ನೂ ನೋಡಿದರು. "ಇಂಥ ಬಣ್ಣ ಈಗ ಯಾರೂ ಹಾಕಲ್ಲ. ಮಾರಲ್ಲ, ಮೇಲೆ ತೂಗುಹಾಕ್ತೀನಿ" ಎಂದು ಹೇಳಿ, ನೋಡನೋಡುತ್ತಿದ್ದ ಹಾಗೇ ಅದನ್ನು ಸೂರಿನ ಕೊಕ್ಕೆಗೆ ಏರಿಸಿಬಿಟ್ಟರು. ಗಾಳಿಗೆ ಮುಂದಿನ ಚಕ್ರ ನಿಧಾನವಾಗಿ ತಿರುಗಿತು. ನಡಿಗೆಯಣ್ಣ ಅದು ನಿಲ್ಲುವವರೆಗೂ ನೋಡಿದ.

ಬದಲಿಗೆ ಸಿಕ್ಕ ಪುಟ್ಟ ಕೆಂಪು ಸೈಕಲ್ಲನ್ನು ಹೊಸ ಕಚೇರಿಗೆ ತಲುಪಿಸುವುದು ಅವನ ಕೊನೆಯ ಕೆಲಸವಾಯಿತು. ಟೈಪಮ್ಮ ಬಸ್ಸಿನಲ್ಲಿ ಹೋಗೋಣ ಅಂದಳು. ಅವನು ಕೇಳಲಿಲ್ಲ. ಸೈಕಲ್ಲನ್ನು ಹೆಗಲ ಮೇಲೆ ಎತ್ತಿಕೊಂಡು, ಊದಿದ ಕೈಯನ್ನು ಅದರ ತುದಿಗೆ ಆನಿಸಿ, ಊರಾಚೆಯವರೆಗೂ ನಡೆದ. ಅವಳೂ ನಡೆದಳು.

ಗಾಜಿನ ಕಟ್ಟಡದ ಮುಂದೆ ಚಿಕ್ಕ ಸಾಹೇಬರು ಮಗಳನ್ನು ಕರೆದುಕೊಂಡು ಬಂದರು. ಮಗು ಹತ್ತಿ ಕೂತಿತು, ಕೂತೊಡನೆ ಹೆದರಿ ಅಳುಮುಖ ಮಾಡಿತು. ಚಿಕ್ಕ ಸಾಹೇಬರು ಬೂಟುಗಾಲಲ್ಲೇ ಹಿಂದೆ ಓಡಲು ಹೋಗಿ ಎರಡು ಹೆಜ್ಜೆಗೇ ಏದುಸಿರು ಬಿಟ್ಟರು. "ಬಿಡಿ ಸಾಹೇಬ್ರೇ, ನಾನು ನೋಡ್ತೀನಿ" ಎಂದು ನಡಿಗೆಯಣ್ಣ ಸೀಟು ಹಿಡಿದ.

"ಬಿದ್ದುಬಿಡ್ತೀನಾ ತಾತ?"

"ನಾನಿದೀನಲ್ಲ ಪುಟ್ಟಿ. ಚಕ್ರ ನೋಡಬೇಡ. ಆ ದೂರದ ಮರ ನೋಡು, ಅದು ನಿನ್ನನ್ನೇ ಕರೀತಿದೆ ಅಂದ್ಕೋ."

ಅವನು ಓಡಿದ. ಬೆನ್ನು ಬಾಗಿಸಿ, ಒಂದು ಕೈ ಸೀಟಿನ ಕೆಳಗೆ, ಟಯರಿನ ಅಟ್ಟೆ ಪಟಪಟ ಅನ್ನುತ್ತಾ ಓಡಿದ. ಮಗು ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು. ಯಾವಾಗ ಕೈಬಿಟ್ಟನೋ ಯಾರಿಗೂ ಗೊತ್ತಾಗಲಿಲ್ಲ. ಮಗು ತಾನಾಗಿಯೇ ಬೆಲ್ಲು ಬಾರಿಸುತ್ತಾ ಮರದವರೆಗೂ ಹೋಯಿತು.

ಚಿಕ್ಕ ಸಾಹೇಬರು ಬೆರಗಾಗಿ ನೋಡುತ್ತಿದ್ದರು. "ಇಷ್ಟು ಚೆನ್ನಾಗಿ ಕಲಿಸ್ತೀರಿ. ನೀವು ಮಾತ್ರ ಸೈಕಲ್ ಹತ್ತಲ್ಲ ಅಂತೀರಲ್ಲ. ಈಗಲೂ ಒಂದು ಮಾತು ಹೂಂ ಅನ್ನಿ, ಈ ಕೆಲಸ ನಿಮ್ಮದೇ."

ಟೈಪಮ್ಮ ನಡಿಗೆಯಣ್ಣನ ಮುಖ ನೋಡಿದಳು. ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅವನು ಅವಳ ಕಡೆ ಒಮ್ಮೆ ನೋಡಿದ, ಅಷ್ಟೇ. ಅವಳು ಅದನ್ನು ನುಂಗಿದಳು.

"ಕಾಲಿಗೆ ಅಭ್ಯಾಸ ಆಗೋಗಿದೆ ಸಾಹೇಬ್ರೇ" ಅಂದ ನಡಿಗೆಯಣ್ಣ.

ಈಗ ಅವನು ರೈಲು ನಿಲ್ದಾಣದ ಪಕ್ಕದ ಸೈಕಲ್ ಸ್ಟ್ಯಾಂಡಿನಲ್ಲಿ ಕೆಲಸ ಮಾಡುತ್ತಾನೆ. ಬೆಳಿಗ್ಗೆ ಜನ ಬಿಟ್ಟುಹೋಗುವ ಗಾಡಿಗಳನ್ನು ಒಂದೊಂದಾಗಿ ತಳ್ಳಿಕೊಂಡು ಹೋಗಿ ಸಾಲಾಗಿ ನಿಲ್ಲಿಸುತ್ತಾನೆ. ಸಂಜೆ ಅವರವರದು ಅವರವರಿಗೆ ತಂದುಕೊಡುತ್ತಾನೆ.